ರಾಜರ ಹಬ್ಬದ ಕೇಕು

ಎಂಬತ್ಮೂರರ ಅಕ್ಟೋಬರಿನಲ್ಲಿ ದ್ವಾರಕಾನಾಥ ಫ್ರೀವೇ ಅಪಘಾತದಲ್ಲಿ ತೀರಿಕೊಂಡ. ವೈಕುಂಠ ಸಮಾರಾಧನೆಗೆ ಜನ ತುಂಬಿದ್ದ ಸನ್ನಿವೇಲ್‌ನ ಅಪಾರ್ಟ್‌ಮೆಂಟು ಕ್ರಿಸ್‌ಮಸ್ ಹೊತ್ತಿಗೆ ಬರಿದಾಗಿತ್ತು. ಅವನ ಹೆಂಡತಿ ಸತ್ಯವತಿಗೆ ಮೂವತ್ತೊಂದು, ಮಗಳು ಮೈಥಿಲಿಗೆ ಆರು. ಅರಿಶಿನ-ಕುಂಕುಮಕ್ಕೆ ಕರೆಯುತ್ತಿದ್ದ, ಅಲ್ಲೇ ನೆಲೆಸಿದ್ದ ಮೈಸೂರಿನ ಗೆಳತಿಯರು ಈಗ ಫೋನಿನಲ್ಲೇ ವಿಚಾರಿಸಿಕೊಂಡು ಸುಮ್ಮನಾಗುತ್ತಿದ್ದರು.

ಬರುವುದನ್ನು ಬಿಡದಿದ್ದವರು ಎದುರುಮನೆಯ ಒಡೆಟ್ ಒಬ್ಬರೇ. ಅರವತ್ತು ದಾಟಿದ ಫ್ರೆಂಚ್ ಹೆಂಗಸು. ಅವರೂ ಗಂಡನನ್ನು ಕಳೆದುಕೊಂಡವರೇ. ಆದರೂ ತುಟಿಗೆ ಕೆಂಪು ಬಳಿದು, ಭಾನುವಾರ ಒಬ್ಬರೇ ಕೂತು ಎರಡು ಗಂಟೆ ಊಟ ಮಾಡುತ್ತಿದ್ದರು. ಆ ಊಟದ ರೀತಿಯೇ ಸತ್ಯವತಿಗೆ ಸೋಜಿಗ. ಹಸಿ ಸೊಪ್ಪು ಕೊನೆಗೆ. ಬ್ರೆಡ್ಡಿಗೆ ತಟ್ಟೆಯಿಲ್ಲ, ಮೇಜಿನ ಬಟ್ಟೆಯೇ ಗತಿ. ನಾಲ್ಕು ಮನೆಗೆ ನಾರುವ ಚೀಸನ್ನು ಮೂಸಿ "ಇನ್ನೂ ಹದಕ್ಕೆ ಬಂದಿಲ್ಲ" ಎಂಬ ದೂರು ಬೇರೆ. ಎಂಜಲು-ಮುಸುರೆ ಎಂದರೇನೆಂದು ವಿವರಿಸಲು ಹೋಗಿ ಇವಳು ಇಂಗ್ಲಿಷ್ ಸಾಲದೆ ಕೈಬಿಟ್ಟಿದ್ದಳು.

ಜನವರಿಯ ಎರಡನೇ ಭಾನುವಾರ ಒಡೆಟ್ ತಾಯಿ-ಮಗಳನ್ನು ಊಟಕ್ಕೆ ಕರೆದರು. ಅವರ ಕಡೆ ಅದು ರಾಜರ ಹಬ್ಬ, ಕ್ರಿಸ್‌ಮಸ್‌ನಂದು ಹುಟ್ಟಿದ ಕೂಸನ್ನು ಕಾಣಲು ಮೂವರು ರಾಜರು ಬಂದರೆಂಬ ನೆನಪಿನ ದಿನ. ಬಾದಾಮಿ ತುಂಬಿದ ದುಂಡನೆಯ ಕೇಕನ್ನು ಸತ್ಯವತಿಗಾಗಿ ಮೊಟ್ಟೆಯಿಲ್ಲದೆ ಮಾಡಿದ್ದರು.

"ಒಳಗೊಂದು ಒಣಕಾಳು ಇಟ್ಟಿದೀನಿ. ಯಾರಿಗೆ ಸಿಗುತ್ತೋ ಅವರೇ ರಾಜ," ಎಂದು ಕಾಗದದ ಕಿರೀಟ ತೋರಿಸಿದರು.

ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆಂದು ಕೂಗಬೇಕು. ಮೈಥಿಲಿ ಖುಷಿಯಿಂದ ನುಸುಳಿದಳು. ಒಂದು ಅವಳಿಗೆ, ಒಂದು ಒಡೆಟ್ ಆಂಟಿಗೆ, ಒಂದು ಅಮ್ಮನಿಗೆ.

"ಈ ಕೊನೇದು?" ಎಂದರು ಒಡೆಟ್, ನಾಲ್ಕನೇ ತುಂಡಿನ ಮೇಲೆ ಚಾಕು ಇಟ್ಟು.

"ಅಪ್ಪಂಗೆ."

ಗದರಲು ಹೊರಟ ಸತ್ಯವತಿಯ ಕೈಯನ್ನು ಒಡೆಟ್ ಹಿಡಿದುಕೊಂಡರು. "ಇರಲಿ ಬಿಡು. ಬರಲಾಗದವರಿಗೆ ಅಂತ ನಮ್ಮಲ್ಲೂ ಒಂದು ತುಂಡು ಎತ್ತಿಡ್ತೀವಿ."

ಮೂವರೂ ತಿಂದು ಮುಗಿಸಿದರು. ಯಾರಿಗೂ ಕಾಳು ಸಿಗಲಿಲ್ಲ. ಮೈಥಿಲಿ ಉಳಿದ ತುಂಡನ್ನು ಚಮಚದಿಂದ ಬಿಡಿಸಿದಾಗ, ಅವರೆಕಾಳಿನಂಥದೊಂದು ತಟ್ಟೆಗೆ ಉರುಳಿತು.

"ಅಪ್ಪ ಈಸ್ ದ ಕಿಂಗ್!" ಎಂದು ಕುಣಿದವಳು, ಕಿರೀಟ ಯಾರಿಗೆ ಹಾಕುವುದೆಂದು ತಿಳಿಯದೆ ನಿಂತಳು.

"ರಾಜನಿಗೆ ರಾಣಿ ಇರ್ತಾಳಲ್ಲ," ಎಂದರು ಒಡೆಟ್ ಮೆಲ್ಲಗೆ.

ಮೂರು ತಿಂಗಳಿಂದ ಹೂ ಕಾಣದ ತಲೆ. ಅದರ ಮೇಲೆ ಮಗಳು ಕಿರೀಟ ಇಟ್ಟಳು. ಸತ್ಯವತಿ ತೆಗೆಯಲು ಕೈಯೆತ್ತಿದಳು, ತೆಗೆಯಲಿಲ್ಲ. ಸಮಾರಾಧನೆಯ ದಿನವೂ ಬಾರದ ಅಳು ಆಗ ಬಂತು. ಒಡೆಟ್ ಕಾಫಿ ತಂದಿಟ್ಟು ಪಕ್ಕದಲ್ಲಿ ಕೂತರು.

ಮಾರ್ಚಿನಲ್ಲಿ ಮೈಸೂರಿನಿಂದ ಅಣ್ಣ ಶೇಷಾದ್ರಿ ಬಂದ. "ಇಲ್ಲಿ ನಿನಗೆ ಯಾರಿದಾರೆ? ಹೊರಡು," ಎಂದ. ಒಡೆಟ್ ಹೆಸರು ಬಾಯಿತುದಿಗೆ ಬಂದಿತ್ತು. ಹೇಳಿದರೆ ಅಣ್ಣನಿಗೆ ಅರ್ಥವಾಗದೆಂದು ಸೂಟ್‌ಕೇಸು ಇಳಿಸಿ ಸೀರೆಗಳನ್ನು ಮಡಿಸತೊಡಗಿದಳು.

ಮೈಸೂರಿಗೆ ಎರಡು ವರ್ಷ ಒಡೆಟ್‌ರ ಕಾಗದಗಳು ಬಂದವು. ಆಮೇಲೆ ಸತ್ಯವತಿ ಬರೆದದ್ದು, ಆ ವಿಳಾಸದಲ್ಲಿ ಯಾರೂ ಇಲ್ಲವೆಂಬ ಮುದ್ರೆ ಹೊತ್ತು ಹಿಂದಿರುಗಿತು. ಅದನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟಳು.

"ಒಡೆಟ್ ಆಂಟಿ ಬರೆದ್ರಾ?" ಎಂದು ಮೈಥಿಲಿ ಕೇಳಿದಾಗಲೆಲ್ಲ, "ಬರೀತಾರೆ, ಇರು," ಎನ್ನುತ್ತಿದ್ದಳು.