ಅಪ್ಪ ಕಂಡ ಮೆಣಸಿನಕಾಯಿ

ಶರಣು, ಭಾಗ್ಯಾ, ನನ್ನ ಮಗಳ ಮಕ್ಕಳೇ, ನಿಮ್ಮ ಆಯಿಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಚೆಗೆ ಸಂಜೆ ಕಾಲುವೆಯ ದಂಡೆಯಲ್ಲಿ ಕೂತರೆ ಒಂದೇ ಯೋಚನೆ. ಈ ಭತ್ತದ ಹಸಿರು, ಆ ಮುಳುಗುವ ಸೂರ್ಯನ ಕೆಂಪು ನನ್ನ ಅಪ್ಪನಿಗೆ ಹೇಗೆ ಕಂಡಿರಬಹುದು?

ಬೋನಾಳದ ನನ್ನ ತವರಿನಲ್ಲಿ ಮೊದಲು ಬೆಳೆಯುತ್ತಿದ್ದುದು ಜೋಳ, ತೊಗರಿ. ಅವಕ್ಕೆ ಬಣ್ಣ ಆರಿಸುವ ಕಣ್ಣು ಬೇಕಿರಲಿಲ್ಲ. ಕಾಲುವೆಗೆ ನೀರು ಬಂದ ಮೇಲೆ ಮೆಣಸಿನಕಾಯಿ ಹಾಕಿದರು. ಹಣ್ಣಾದ ಕೆಂಪು ಕಾಯಿಯನ್ನಷ್ಟೇ ಬಿಡಿಸಬೇಕು. ಅಪ್ಪನ ಬುಟ್ಟಿಯಲ್ಲಿ ಅರ್ಧ ಹಸಿರು ಕಾಯಿ!

“ಅಲ್ರೀ, ಕಣ್ಣು ಮನ್ಯಾಗ ಇಟ್ಟು ಬಂದೀರೇನು?” ಎಂದಳು ಅವ್ವ.

“ಎಲ್ಲಾ ಒಂದ ಥರ ಅದಾವಲ್ಲ,” ಎಂದ ಅಪ್ಪ.

ಇಡೀ ಹೊಲ ನಕ್ಕಿತು. ಅವ್ವ ಬುಟ್ಟಿ ಕಸಿದುಕೊಂಡಳು. ಅದಕ್ಕೊಂದು ಹೆಸರಿದೆ ಎಂದು ಯಾರಿಗೆ ಗೊತ್ತಿತ್ತು?

ಗೊತ್ತಾದದ್ದು ಹೋದ ತಿಂಗಳು. ಶರಣು, ಯಾದಗಿರಿ ಸ್ಟೇಷನ್ ಕಂಡಾಗಿನಿಂದ ನಿನಗೆ ರೈಲಿನ ಎಂಜಿನ್ ಓಡಿಸುವ ಆಸೆ. ಅದಕ್ಕೆ ಬೇಕಾದ ಪರೀಕ್ಷೆಗೆ ಹೋದಾಗ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದರು. ಚುಕ್ಕಿಗಳ ನಡುವೆ ನನಗೊಂದು ಅಂಕಿ ಕಂಡಿತು. ನಿನಗೆ ಬರೀ ಚುಕ್ಕಿ. ಬಣ್ಣಗುರುಡು ಎಂದರು. ಕೆಲವರ ಕಣ್ಣಿಗೆ ಕೆಂಪು ಸಿಕ್ಕದೆ ಕಪ್ಪಾಗಿ ಕಾಣುತ್ತದಂತೆ, ಕೆಲವರಿಗೆ ಹಸಿರು ಸಿಕ್ಕುವುದಿಲ್ಲವಂತೆ. ನಿನ್ನದು ಎರಡನೆಯದು. ಔಷಧವಿಲ್ಲ, ಹೆಚ್ಚಾಗುವುದೂ ಇಲ್ಲ. ಆದರೆ ಎಂಜಿನ್ ಕೆಲಸ ಸಿಗುವುದಿಲ್ಲ.

“ತಾಯಿ ಕಡಿ ಯಾರಿಗರೆ ಇತ್ತೇನ್ರಿ?” ಎಂದು ಡಾಕ್ಟರು ನನ್ನನ್ನು ಕೇಳಿದರು.

ನಾನು ಸೆರಗು ಬಾಯಿಗೆ ಹಿಡಿದು, “ನಮ್ಮಪ್ಪಗ ಮೆಣಸಿನಕಾಯಿ ಬಿಡಸಾಕ ಬರ್ತಿದ್ದಿಲ್ರಿ,” ಎಂದೆ.

“ಹಂಗಾದ್ರ ಅವರ ಕಣ್ಣ ಇವನಿಗೆ ಬಂದಾವ ನೋಡ್ರಿ,” ಎಂದರು ಡಾಕ್ಟರು.

ಅಪ್ಪನಿಂದ ನನಗೆ, ನನ್ನಿಂದ ನಿಮ್ಮವ್ವನಿಗೆ, ಅವಳಿಂದ ನಿನಗೆ. ಎಲ್ಲ ಬಣ್ಣಗಳನ್ನೂ ಕಾಣುತ್ತಲೇ ನಾವಿಬ್ಬರು ಹೆಂಗಸರು ಅದನ್ನು ಹೊತ್ತು ತಂದಿದ್ದೆವು.

ಆ ಸಂಜೆ ನೀನು ತಾಟು ಸರಿಸಿ ಗೋಡೆಗೆ ಮುಖ ಮಾಡಿದೆ. ಹಾಗೆಯೇ ಕೇಳಿದೆ, “ಬುಟ್ಟಿ ಕಸಗೊಂಡ ಮ್ಯಾಗ ಮುತ್ಯಾ ಏನ್ ಮಾಡಿದ, ಆಯಿ?”

“ನೀರು ಹಾಯಸಾಕ ಹೋದ, ಮಗಾ. ಆಮ್ಯಾಲ ಊರಾಗಿನ ಎಲ್ಲಾ ಹೊಲಕ್ಕೂ ಅವನ್ನ ಕರೀತಿದ್ರು. ನೀರಿಗೆಲ್ಲಿ ಬಣ್ಣ ಅದ?”

ನೀನು ನಗಲಿಲ್ಲ. ಆದರೆ ರೊಟ್ಟಿ ಮುರಿದೆ.

ಭಾಗ್ಯಾ, ನಿನಗೆ ಎಲ್ಲ ಬಣ್ಣಗಳೂ ಕಾಣುತ್ತವೆ. ಆದರೂ ಆ ಗಂಟು ನಿನ್ನ ಬಳಿಯೂ ಇರಬಹುದು. ಮುಂದೆ ನಿನ್ನ ಮಗ ಚಿತ್ರದಲ್ಲಿ ಗಿಡದ ಎಲೆಗೆ ಕಂದು ಬಳಿದರೆ ಕಿವಿ ಹಿಂಡಬೇಡ. ಎಲೆ ಹೇಗೆ ಕಾಣುತ್ತದೆ ಎಂದು ಅವನನ್ನೇ ಕೇಳು, ಆಮೇಲೆ ಡಾಕ್ಟರ ಬಳಿ ಕರೆದೊಯ್ಯಿ. ಆ ಹೊತ್ತಿಗೆ ಇದನ್ನು ಹೇಳಲು ನಾನಿರುವುದಿಲ್ಲ, ಈ ಹಾಳೆಗಳಿರಲಿ. ಒಲೆ ಹೊತ್ತಿಸಲು ತೆಗೆಯದೆ, ನಿನ್ನ ಸೀರೆಗಳ ನಡುವೆ ಜೋಪಾನವಾಗಿಡು.