ಮೊಣಕಾಲಿನ ಹೊರಮಗ್ಗುಲ ನೋವು ಹೊತ್ತು ಮೂರು ದಿನ

ಫೆಬ್ರುವರಿಯ ಕೊನೆಯ ಸೋಮವಾರ ಬೆಳಿಗ್ಗೆ ಏಳಕ್ಕೆ ತಾಳ್ಯದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ನನ್ನ ಎಡಗಾಲು ಒಂದಿಷ್ಟೂ ನೋಯುತ್ತಿರಲಿಲ್ಲ. ಈ ಕಾಯಿಲೆಯ ಮೋಸವೇ ಅದು. ನಿಂತರೆ ನೋವಿಲ್ಲ, ನಿಧಾನವಾಗಿ ನಡೆದರೂ ನೋವಿಲ್ಲ. ಓಡಲು ಶುರುಮಾಡಿ ಎರಡು ಕಿಲೋಮೀಟರ್ ದಾಟಿದ ಮೇಲೆ ಮೊಣಕಾಲಿನ ಹೊರಮಗ್ಗುಲಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಯಾರೋ ಮೊಳೆ ಇಟ್ಟು ಬಡಿದ ಹಾಗೆ ಆಗುತ್ತದೆ. ನಿಂತರೆ ಹೋಗುತ್ತದೆ. ಮತ್ತೆ ಓಡಿದರೆ ಮತ್ತೆ ಅದೇ ಜಾಗ. ನೋಡಿದವರಿಗೆ ಊತವಿಲ್ಲ, ಗಾಯವಿಲ್ಲ. ನಾಟಕ ಎಂದರೂ ಎನ್ನಬಹುದು.

ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ವಯಸ್ಸು ನಲವತ್ತೆಂಟು. ಶಿಕ್ಷಕರ ಕ್ರೀಡಾಕೂಟದ ಐದು ಕಿಲೋಮೀಟರ್ ಓಟದಲ್ಲಿ ಎರಡು ವರ್ಷ ಸತತ ಪದಕ ತಂದವನು. ಈ ವರ್ಷದ ಕೂಟಕ್ಕೆ ಐದು ವಾರ ಉಳಿದಿತ್ತು. ಮೂರು ದಿನ ರಜೆ ಹಾಕಿ, ಎಲ್ಲಾದರೂ ಸರಿ, ಕಾಲು ಸರಿ ಮಾಡಿಸಿಕೊಂಡೇ ಬರುತ್ತೇನೆ ಎಂದು ಹೊರಟೆ.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಚಿತ್ರದುರ್ಗ ಸೇರಿದಾಗ ಒಂಬತ್ತೂವರೆ. ಕೋಟೆಯ ಬಂಡೆಗಳು ಆಗಲೇ ಕಾಯತೊಡಗಿದ್ದವು. ಮೂಳೆ ಡಾಕ್ಟರ ಕ್ಲಿನಿಕ್ಕು ಎರಡನೇ ಮಹಡಿಯಲ್ಲಿತ್ತು. ಮೊಣಕಾಲು ನೋವಿನವರನ್ನು ಮೆಟ್ಟಿಲು ಹತ್ತಿಸುವ ಆ ಕಟ್ಟಡದಲ್ಲಿ ಎರಡು ಗಂಟೆ ಕಾದೆ. ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮೂಳೆಯಲ್ಲಿ ಏನೂ ತೊಂದರೆ ಇಲ್ಲ, ಈ ವಯಸ್ಸಿಗೆ ಓಟ ಯಾಕೆ, ವಾಕಿಂಗ್ ಮಾಡಿ ಎಂದರು. ನನ್ನ ಕಾಲನ್ನು ಮುಟ್ಟಲಿಲ್ಲ. ಹತ್ತು ದಿನಕ್ಕೆ ನೋವಿನ ಮಾತ್ರೆ, ಒಂದು ಮೊಣಕಾಲು ಪಟ್ಟಿ ಬರೆದುಕೊಟ್ಟರು. ಹತ್ತುವಾಗ ಸುಮ್ಮನಿದ್ದ ನೋವು ಇಳಿಯುವಾಗ ಎದ್ದಿತು. ಕಂಬಿ ಹಿಡಿದು ಮಗ್ಗುಲಾಗಿ, ಒಂದೊಂದೇ ಮೆಟ್ಟಿಲು ಇಳಿದೆ. ಹಿಂದೆ ಬರುತ್ತಿದ್ದ ಮುದುಕರೊಬ್ಬರು ನನ್ನನ್ನು ದಾಟಿಕೊಂಡು ಹೋದರು.

ಊಟ ಮುಗಿಸಿ ಹಿರಿಯೂರಿನ ಬಸ್ಸು ಹತ್ತಿದೆ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ನನ್ನ ಅಕ್ಕ ಗಂಗಮ್ಮನ ಮನೆ ಇದೆ. ರಾತ್ರಿ ಅಕ್ಕ ಮುದ್ದೆ, ಸೊಪ್ಪಿನ ಸಾರು ಬಡಿಸುತ್ತ ಡಾಕ್ಟರ ಚೀಟಿಯನ್ನು ದೂರದಿಂದಲೇ ನೋಡಿದಳು.

"ಮಾತ್ರೆ ನುಂಗಿದ್ರೆ ನರ ಕೂಡುತ್ತೇನಲೇ ತಿಪ್ಪೇಶಿ? ಧರ್ಮಪುರದ ಕಡೆ ಒಬ್ಬ ಕಾಲು ಉಜ್ಜಾನು ಅದಾನೆ. ನಾಳೆ ಹೋಗಾಣ."

ಮಂಗಳವಾರ ಬೆಳಿಗ್ಗೆ ಇಬ್ಬರೂ ಧರ್ಮಪುರದ ಬಸ್ಸು ಹತ್ತಿದೆವು. ಅಕ್ಕನಿಗೆ ಉಚಿತ ಟಿಕೆಟ್ಟು, ಕಿಟಕಿ ಪಕ್ಕದ ಸೀಟು. ನನಗೆ ಕಾಸೂ ಹೋಯಿತು, ಸೀಟೂ ಸಿಗಲಿಲ್ಲ. ಶೇಂಗಾ ಕಿತ್ತ ಹೊಲಗಳು ಕೆಂಪಗೆ ಬರಿದಾಗಿದ್ದವು. ಆಂಧ್ರದ ಗಡಿ ಹತ್ತಿರವಾದಂತೆ ಬಸ್ಸಿನೊಳಗಿನ ಮಾತು ಅರ್ಧಕ್ಕರ್ಧ ತೆಲುಗಾಯಿತು. ಧರ್ಮಪುರದಲ್ಲಿ ಇಳಿದು ಆಟೊ ಹಿಡಿದು ಒಂದು ಸಣ್ಣ ಊರಿಗೆ ಹೋದೆವು. ಉಜ್ಜುವವನ ಮನೆಯ ಜಗಲಿಯಲ್ಲಿ ಏಳೆಂಟು ಜನ ಕೂತಿದ್ದರು. ಆತ ಗಟ್ಟಿ ಆಳು, ಮಾತು ಕಡಿಮೆ. ಮೊಣಕಾಲಿನ ನೋಯುವ ಜಾಗ ಕೇಳಿ, ಬಿಸಿ ಎಣ್ಣೆ ಸುರಿದು, ಸರಿಯಾಗಿ ಅದರ ಮೇಲೆಯೇ ಹೆಬ್ಬೆರಳು ಊರಿದ. ನನ್ನ ಕಣ್ಣಿಗೆ ಕತ್ತಲೆ ಬಂತು.

"ಓರ್ಚುಕೋ ಸಾಮಿ" ಎಂದ. ತಡೆದುಕೋ ಎಂದು ಅರ್ಥ.

ಆ ಮಾತು ನನಗೆ ಹಿಡಿಸಿತು ಎಂದರೆ ನಂಬಬೇಕು. ಇಪ್ಪತ್ತೆರಡು ವರ್ಷದಿಂದ ಮೈದಾನದಲ್ಲಿ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತ ಬಂದವನು. ನೋವು ನುಂಗಿದವನು ಗೆಲ್ಲುತ್ತಾನೆ ಎನ್ನುವುದು ನನ್ನ ಪಾಠ. ಹಲ್ಲು ಕಚ್ಚಿ ಕೂತೆ. ಅರ್ಧ ಗಂಟೆ ಉಜ್ಜಿ, ಸೊಪ್ಪಿನ ಕಟ್ಟು ಕಟ್ಟಿ ಕಳಿಸಿದ. ಹಿರಿಯೂರಿಗೆ ವಾಪಸಾಗುವಷ್ಟರಲ್ಲಿ, ಅಲ್ಲಿಯವರೆಗೆ ಇರದಿದ್ದ ಊತ ಬಂದಿತ್ತು. ಸಮತಟ್ಟು ನೆಲದಲ್ಲೂ ಕುಂಟತೊಡಗಿದೆ.

ಅಕ್ಕನ ಎದುರು ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಸಂಜೆ ಅವರು ಬಂದು ಕಟ್ಟು ಬಿಚ್ಚಿಸಿದರು. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಿಸಿದರು. ಹೊಸದುರ್ಗದ ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಇದ್ದಾರೆ, ಕಾಲು ಮುಟ್ಟಿ ನೋಡಿ ಹೇಳುತ್ತಾರೆ, ಇಷ್ಟು ದೂರ ಬಂದವರು ಅಲ್ಲಿಗೂ ಹೋಗಿ ಬನ್ನಿ ಎಂದರು. ಹೇಗೂ ಊರಿಗೆ ಮರಳಲು ಅದೂ ಒಂದು ದಾರಿ.

ಬುಧವಾರ ಹೊಸದುರ್ಗದ ಬಸ್ಸು. ವಾಣಿವಿಲಾಸ ಸಾಗರದ ಹತ್ತಿರ ಹಾದು ಸುಮಾರು ಎರಡು ಗಂಟೆ ಹಿಡಿಯಿತು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸೋಮಾರಿಗಳ ಹಾಗೆ ಸುತ್ತುತ್ತಿದ್ದವು. ಮೊಣಕಾಲು ಮಡಿಸಿ ಕೂತಿರಲಾಗದೆ ಎಡಗಾಲನ್ನು ನಡುದಾರಿಗೆ ಚಾಚಿದ್ದೆ. ಹತ್ತುವ ಇಳಿಯುವವರೆಲ್ಲ ಬೈದುಕೊಂಡು ದಾಟಿದರು.

ಆಸ್ಪತ್ರೆಯ ಹಿಂಬದಿಯ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೈಗೆ ಪಟ್ಟಿ ಹಾಕಿಕೊಂಡ ಒಬ್ಬ ಮುದುಕಿ, ಅವರ ಜೊತೆ ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಯುಟ್ಟ ಒಬ್ಬ ಹೆಂಗಸು. ಆ ಹೆಂಗಸು ನನ್ನನ್ನು ಎರಡು ಸಲ ನೋಡಿದಳು.

"ಸಾರ್, ನೀವಾ? ನಾನು ರೇಣುಕ."

ಒಂಬತ್ತು ವರ್ಷವಾಗಿತ್ತು. ಮುಖ ತುಂಬಿಕೊಂಡಿತ್ತು, ದನಿ ಅದೇ. ನಾನು ಏನು ಹೇಳಿದೆನೋ ನೆನಪಿಲ್ಲ. ಯಾರಿಗಾದರೂ ಹೇಳಲೇಬೇಕಾದ ಸಂಗತಿ ಇದು, ಹಾಗಾಗಿ ಇಲ್ಲಿ ಹೇಳುತ್ತೇನೆ.

ರೇಣುಕ ಕುರಿ ಕಾಯುವ ಮನೆಯ ಹುಡುಗಿ. ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಅವಳಷ್ಟು ದೂರ ಓಡುವವರು ಗಂಡುಮಕ್ಕಳಲ್ಲೂ ಇರಲಿಲ್ಲ. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಅವಳನ್ನು ನಾನೇ ತಯಾರು ಮಾಡಿದೆ. ಆಯ್ಕೆಯಾದರೆ ಮುಂದಿನ ಓದು, ಊಟ, ವಸತಿ ಎಲ್ಲ ಬಿಟ್ಟಿ. ದಿನಾ ಬೆಳಿಗ್ಗೆ ನಾನು ಬೈಕಿನಲ್ಲಿ ಮುಂದೆ, ಅವಳು ಡಾಂಬರು ರಸ್ತೆಯ ಎಡ ಅಂಚು ಹಿಡಿದು ಹಿಂದೆ. ಕೊನೆಯ ಮೂರು ವಾರದಲ್ಲಿ ಓಟದ ದೂರವನ್ನು ಎರಡರಷ್ಟು ಮಾಡಿದೆ. ಮೊಣಕಾಲಿನ ಪಕ್ಕ ನೋವು ಸಾರ್ ಎಂದು ಅವಳು ಹೇಳಿದ್ದು ಒಂದು ಸಲವಲ್ಲ. ನಿಂತರೆ ಹೋಗುತ್ತದೆ, ಓಡಿದರೆ ಬರುತ್ತದೆ ಎನ್ನುತ್ತಿದ್ದಳು. ಅಂಥ ನೋವನ್ನು ನಾನು ಕೇಳಿರಲಿಲ್ಲ. ಚಿತ್ರದುರ್ಗದ ಮೈದಾನದಲ್ಲಿ ಆಯ್ಕೆಯ ದಿನ ಎಲ್ಲರಿಗಿಂತ ಮುಂದಿದ್ದವಳು ಕೊನೆಯ ಸುತ್ತಿಗೆ ಮುಂಚೆ ನಿಂತುಬಿಟ್ಟಳು. ನಾನು ಬೇಲಿಯಾಚೆಯಿಂದ ಕೂಗಿದೆ. ಅವಳು ಕಾಲು ಹಿಡಿದುಕೊಂಡು ಕೂತಳು.

ಎರಡು ದಿನ ಬಿಟ್ಟು ಅವಳ ಅಪ್ಪ ಶಾಲೆಗೆ ಬಂದ. ಕಂಬಳಿ ಹೊದ್ದು ಬಾಗಿಲ ಹೊರಗೇ ನಿಂತು, ಮಗಳ ಕಾಲಿಗೆ ಏನಾಗಿದೆ ಎಂದು ಕೇಳಿದ. ಕಾಲಿಗೆ ಏನೂ ಆಗಿಲ್ಲ, ಹೆದರಿಕೊಂಡು ಸುಳ್ಳು ಹೇಳುತ್ತಿದ್ದಾಳೆ ಎಂದೆ. ಆತ ಕೈ ಮುಗಿದು ಹೋದ. ಪರೀಕ್ಷೆ ಮುಗಿದ ಮೇಲೆ ಅವಳನ್ನು ಮುಂದೆ ಓದಿಸಲಿಲ್ಲ. ಹೊಸದುರ್ಗದ ಕಡೆ ಮದುವೆಯಾಯಿತು ಎಂದು ಆಮೇಲೆ ಯಾರೋ ಹೇಳಿದ್ದರು.

ಫಿಸಿಯೋಥೆರಪಿ ಮೇಡಂ ಮೂವತ್ತೈದರ ಆಸುಪಾಸಿನವರು. ನನ್ನನ್ನು ಮಂಚದ ಮೇಲೆ ಮಲಗಿಸಿ, ಮೊಣಕಾಲಿನ ಹೊರಗಿನ ಉಬ್ಬು ಮೂಳೆಯ ಮೇಲೆ ಮೆಲ್ಲಗೆ ಬೆರಳಿಟ್ಟು, ಕಾಲನ್ನು ಮಡಿಸಿ ಬಿಚ್ಚಿದರು. ಸ್ವಲ್ಪ ಮಡಿಸಿದ ಒಂದು ಹಂತದಲ್ಲಿ ಮೊಳೆ ಬಡಿದಂತಾಯಿತು. ಆಮೇಲೆ ಮಗ್ಗುಲಾಗಿಸಿ, ಮೇಲಿನ ಕಾಲನ್ನು ಎತ್ತಿ ಹಿಡಿಯಿರಿ ಎಂದು ಕೈಯಿಂದ ಒತ್ತಿದರು. ಓಟದ ಮೇಷ್ಟ್ರ ಕಾಲು ಕ್ಷಣದಲ್ಲಿ ಕೆಳಗೆ ಬಿತ್ತು.

ಅವರು ವಿವರಿಸಿದ್ದು ಹೀಗೆ. ಸೊಂಟದ ಪಕ್ಕದಿಂದ ಮೊಣಕಾಲಿನ ಕೆಳಗಿನವರೆಗೆ ತೊಡೆಯ ಹೊರಗಡೆ ಒಂದು ಉದ್ದನೆಯ ಗಟ್ಟಿ ಪಟ್ಟಿ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಅದು ಮೊಣಕಾಲಿನ ಉಬ್ಬಿನ ಮೇಲೆ ಒತ್ತುತ್ತದೆ. ಸೊಂಟದ ಪಕ್ಕದ ಸ್ನಾಯು ಸೋತಿದ್ದರೆ, ದೂರವನ್ನು ಒಮ್ಮೆಲೇ ಹೆಚ್ಚಿಸಿದರೆ, ಇಳಿಜಾರಿನಲ್ಲಿ ಓಡಿದರೆ ಆ ಒತ್ತಡ ನೋವಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ರಸ್ತೆಯ ಯಾವ ಕಡೆ ಓಡುತ್ತೀರಿ ಎಂದು ಕೇಳಿದರು. ಯಾವಾಗಲೂ ಎಡಗಡೆ ಎಂದೆ. ಡಾಂಬರು ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿದಿರುತ್ತದೆ, ಒಂದೇ ಅಂಚಿನಲ್ಲಿ ವರ್ಷಗಟ್ಟಲೆ ಓಡಿದರೆ ತಗ್ಗಿನ ಕಾಲಿಗೆ ಏಟು ಎಂದರು. ನೋಯುವ ಜಾಗದ ಮೇಲೆ ಜೋರಾಗಿ ಉಜ್ಜಿಸುವುದಂತೂ ಉರಿಗೆ ಎಣ್ಣೆ ಹೊಯ್ದಂತೆ.

"ಇದು ವಾಸಿಯಾಗುತ್ತೆ ಸರ್. ವ್ಯಾಯಾಮ ರೇಣುಕ ತೋರಿಸ್ತಾರೆ, ರೋಗಿಗಳ ಜೊತೆ ಬಂದಾಗೆಲ್ಲ ನನಗೆ ನೆರವಾಗ್ತಾರೆ. ಅವರಿಗೂ ಇದೇ ಇತ್ತು. ಮನೆಮನೆ ತಿರುಗುವ ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಬಂತು ಅಂತ ನನ್ನ ಹತ್ರ ಬಂದ್ರು. ಮೊದಲು ಬಂದದ್ದು ಹದಿನಾರನೇ ವಯಸ್ಸಿಗಂತೆ. ಯಾರೋ ಮೇಷ್ಟ್ರು ನೋವಿದ್ರೂ ಬಿಡದೆ ಓಡಿಸಿದ್ರಂತೆ."

ಆಗಲೇ ಒಳಗೆ ಬಂದಿದ್ದ ರೇಣುಕ ಗೋಡೆಗೆ ಒರಗಿಸಿದ್ದ ಚಾಪೆಯನ್ನು ತೆಗೆದು ಹಾಸುತ್ತಿದ್ದಳು. ತಲೆ ಎತ್ತಲಿಲ್ಲ. ಆ ಮೇಷ್ಟ್ರು ನಾನೇ ಎಂದು ಹೇಳಲು ನನಗೆ ಅಲ್ಲಿ ಬೇಕಾದಷ್ಟು ಹೊತ್ತಿತ್ತು. ಹೇಳಲಿಲ್ಲ.

ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿದೆ. ಎಡಗಾಲನ್ನು ನೆಟ್ಟಗಿಟ್ಟು, ಕೊಂಚ ಹಿಂದಕ್ಕೆ ತಂದು, ಹೆಬ್ಬೆರಳು ಮೇಲೆ ನೋಡದ ಹಾಗೆ ನಿಧಾನ ಎತ್ತಿ ನಿಧಾನ ಇಳಿಸಬೇಕು. ಆಮೇಲೆ ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತುವುದು. ಕೆಲವು ವಾರ ಕಳೆದ ಮೇಲೆ, ತಗ್ಗು ಮೆಟ್ಟಿಲಿನಿಂದ ಒಂದೇ ಕಾಲಿನ ಬಲದಲ್ಲಿ ಇಳಿಯುವುದು. ಅವಳು ಒಂದೊಂದನ್ನೂ ಎಣಿಸಿದಳು. ಆರನೆಯದಕ್ಕೆ ನನ್ನ ಕಾಲು ನಡುಗಿತು. ನೋಯ್ತಿದ್ರೆ ನಿಲ್ಸ್ರಿ ಸಾರ್, ಸಾಕು ಎಂದಳು. ನಾನು ಅವಳಿಗೆ ಒಮ್ಮೆಯೂ ಹೇಳದ ಮಾತು ಅದು.

ಕಾಲಿನ ಕತೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಅವಳು ಹೇಳಿದಂತೆಯೇ ಮಾಡಿದೆ. ಮೂರು ವಾರ ಓಡಲಿಲ್ಲ, ನೋವು ಬರದಷ್ಟು ನಡೆದೆ. ಸವೆದ ಶೂ ಬಿಸಾಡಿದೆ. ಆಮೇಲೆ ದಿನ ಬಿಟ್ಟು ದಿನ, ಮೈದಾನದ ಸಮನೆಲದಲ್ಲಿ, ಸಣ್ಣ ಹೆಜ್ಜೆ ಹಾಕಿ ಐದು ನಿಮಿಷದಿಂದ ಶುರುಮಾಡಿದೆ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಸುತ್ತಿದೆ. ಕ್ರೀಡಾಕೂಟ ತಪ್ಪಿತು. ಮೂರನೇ ತಿಂಗಳಿಗೆ ನೋವು ಪೂರ್ತಿ ಹೋಯಿತು. ಇಷ್ಟು ಸುಲಭದ್ದು. ಹದಿನಾರರ ಹುಡುಗಿಗೆ ಇನ್ನೂ ಬೇಗ ವಾಸಿಯಾಗುತ್ತಿತ್ತೇನೋ. ಆಯ್ಕೆ ಮುಂದಿನ ವರ್ಷವೂ ನಡೆಯುತ್ತಿತ್ತು.

ಆ ಬುಧವಾರ ಮಧ್ಯಾಹ್ನ ಮೂವರೂ ಬಸ್ ನಿಲ್ದಾಣಕ್ಕೆ ಬಂದೆವು. ಮುದುಕಿಯ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ರೇಣುಕ ಅವರನ್ನು ನೆರಳಿನಲ್ಲಿ ಕೂರಿಸಿ ಮಂಡಕ್ಕಿ ಕೊಡಿಸಿದಳು. ನನಗೂ ಒಂದು ಪೊಟ್ಟಣ ಕೊಟ್ಟಳು. ನನ್ನ ಕೈಯಲ್ಲಿ ಅದು ಹಾಗೇ ಉಳಿಯಿತು. ಕೊನೆಗೂ, ಅವತ್ತು ನಾನು ಮಾಡಿದ್ದು ತಪ್ಪು, ನನಗೆ ಗೊತ್ತಿರಲಿಲ್ಲ ಎಂದು ಹೇಳಿದೆ.

ಅವಳು ತನ್ನ ಪೊಟ್ಟಣದ ಕೊನೆಯ ಮಂಡಕ್ಕಿಯನ್ನು ಮುದುಕಿಯ ಕೈಗೆ ಸುರಿದಳು.

"ಗೊತ್ತಿರ್ಲಿಲ್ಲ, ಅದುಕ್ಕೆ ನಂಗೇನೂ ಸಿಟ್ಟಿಲ್ಲ ಸಾರ್. ನಂಗೂ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ್ಲೇ ಅಪ್ಪಂಗೆ ಹೇಳಬೋದಿತ್ತು. ಸುಳ್ಳು ಹೇಳ್ತಾಳೆ ಅಂತ ಯಾಕಂದ್ರಿ?"

ಈ ಪ್ರಶ್ನೆಗೆ ನನ್ನಲ್ಲಿ ಇದ್ದ ನಿಜವಾದ ಉತ್ತರ ಒಂದೇ. ನಾನು ತಯಾರು ಮಾಡಿದ ಹುಡುಗಿ ಸೋತದ್ದು ನನ್ನ ತಪ್ಪಿನಿಂದ ಎಂದು ಊರಿನವರು ಆಡಿಕೊಳ್ಳಬಾರದಿತ್ತು. ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಅದರ ಬದಲು, ನಾಳೆಯೇ ನಿಮ್ಮ ಅಪ್ಪನ ಹತ್ತಿರ ಹೋಗಿ, ನಿನ್ನ ಮಗಳು ನಿಜ ಹೇಳಿದ್ದಳು, ನಾನೇ ತಪ್ಪು ಹೇಳಿದೆ ಎಂದು ಒಪ್ಪಿಕೊಂಡು ಬರುತ್ತೇನೆ ಎಂದೆ.

"ಅಪ್ಪ ಇಲ್ಲ ಸಾರ್. ಹೋದ ದೀವಳಿಗೆ ಮುಂದೆ ತೀರ್ಕಂಡ."

ಹೊಳಲ್ಕೆರೆಯ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ನುಗ್ಗಿದರು. ರೇಣುಕ ಮಂಡಕ್ಕಿಯ ಕಾಗದವನ್ನು ಮಡಿಸುತ್ತ ಮಾತು ಮುಂದುವರಿಸಿದಳು. ದನಿ ಏರಲಿಲ್ಲ.

"ಈ ಮೇಡಂ ಬರೆದ ಚೀಟಿ ಒಯ್ದು ತೋರ್ಸಿದ್ದೆ ಸಾರ್. ನೋಡಪ್ಪ, ಆವಾಗ ಬಂದಿದ್ದೂ ಇದೇ ನೋವು ಅಂದೆ. ಮೇಷ್ಟ್ರು ಓದಿದೋರು, ಅವ್ರು ಯಾಕಮ್ಮ ಸುಳ್ಳು ಹೇಳ್ತಾರೆ ಅಂದ. ಹಂಗೇ ನಂಬ್ಕಂಡು ಹೋದ."

ನಾನು ನಿಂತೇ ಇದ್ದೆ. ಕಂಡಕ್ಟರು ಹತ್ತಿ ಹತ್ತಿ ಎಂದು ಅವಸರ ಮಾಡಿದ. ನನ್ನ ಚೀಲವನ್ನು ಅವಳೇ ಎತ್ತಿ ಕೊಟ್ಟು, ಹತ್ತುವಾಗ ಬಲಗಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು, ಎಲ್ಲ ರೋಗಿಗಳಿಗೆ ಹೇಳುವ ದನಿಯಲ್ಲೇ ಹೇಳಿದಳು. ಬಲಗಾಲು ಇಟ್ಟು ಹತ್ತಿದೆ.

ಬಸ್ಸು ಹೊರಟಾಗ ಹಿಂದಿನ ಗಾಜಿನಿಂದ ನೋಡಿದೆ. ಅವಳು ಆಗಲೇ ಮುದುಕಿಯ ಪಕ್ಕಕ್ಕೆ ಹೋಗಿ ಕೂತು, ಅವರ ಪಟ್ಟಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನಾನು ಕೈ ಎತ್ತಿದೆ. ಅವಳು ಗಂಟು ಹಾಕಿ ಮುಗಿಸಿ, ಮುದುಕಿಯ ಕೈಯನ್ನು ಮಡಿಲ ಮೇಲೆ ಸರಿಯಾಗಿ ಇಟ್ಟಳು. ಬಸ್ಸಿನ ಕಡೆ ನೋಡಲಿಲ್ಲ.