ಸಮಾಧಿ ಇಲ್ಲದ ಹೆಸರು

ನಮ್ಮ ಚರ್ಚಿನ ಉಪದೇಶಿ ಇನ್ನಾಸಪ್ಪನವರಿಗೆ ಮಕ್ಕಳಿಗೆ ಜಪ ಕಲಿಸುವುದಕ್ಕಿಂತ ಸತ್ತವರ ಹೆಸರು ಓದುವುದರಲ್ಲೇ ಹೆಮ್ಮೆ ಜಾಸ್ತಿ. ನವೆಂಬರ್ ಎರಡು, ಸಕಲ ಆತ್ಮರ ದಿನ. ಅವತ್ತು ಮನೆಮನೆಯವರು ತಮ್ಮ ಸತ್ತವರ ಹೆಸರು, ತಾರೀಖು ಬರೆದು ಚೀಟಿ ಕೊಡುತ್ತಾರೆ. ಸಂಜೆ ಸಮಾಧಿ ತೋಟದಲ್ಲಿ ಇನ್ನಾಸಪ್ಪ ಒಂದೊಂದೇ ಚೀಟಿ ಓದಿ, ಸಮಾಧಿ ಎಲ್ಲಿದೆಯೆಂದು ಬೆರಳು ತೋರಿಸುತ್ತಾರೆ. ನಾವು 'ನಿತ್ಯ ವಿಶ್ರಾಂತಿ ಕೊಡು ಸ್ವಾಮಿ' ಎನ್ನುತ್ತೇವೆ, ಫಾದರ್ ಹೋಗಿ ತೀರ್ಥ ಚಿಮುಕಿಸುತ್ತಾರೆ. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಮುಂಚೆಯೇ ಚೀಟಿ ಬಿಚ್ಚಿ ನೋಡುವ ಅಭ್ಯಾಸ ಅವರಿಗಿರಲಿಲ್ಲ.

'ಬರ್ದಿದ್ನ ಓದೋನು ನಾನು, ತೂಗೋನಲ್ಲ ಕಣಪ್ಪ' ಎನ್ನುತ್ತಿದ್ದರು.

ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕಾರಣ ಶಾಂತಲಾ.

2021ರಲ್ಲಿ ಅವಳಿನ್ನೂ ಒಂಬತ್ತನೇ ಕ್ಲಾಸು, ಚರ್ಚಿನಲ್ಲಿ ಹಾಡುತ್ತಿದ್ದಳು. ಒಂದು ಭಾನುವಾರ ಪೂಜೆ ಮುಗಿದ ಮೇಲೆ, ಹಾಡಿನ ಪುಸ್ತಕ ತಾ ಎಂದು ಅವಳನ್ನು ಫಾದರ್ ಬಂಗಲೆಗೆ ಕಳಿಸಿದವರು ಇನ್ನಾಸಪ್ಪನವರೇ. ಅರ್ಧ ಗಂಟೆಯ ಮೇಲೆ ಅವಳು ಅಳುತ್ತ ಬರಿಗಾಲಲ್ಲಿ ಓಡಿಬಂದು ಇವರ ಮುಂದೆಯೇ ಹಾದುಹೋದಳು. ಬಂಗಲೆಯ ಜಗಲಿಯಲ್ಲಿ ಉಳಿದಿದ್ದ ಚಪ್ಪಲಿಯನ್ನು ಇವರು ಎತ್ತಿಕೊಂಡು ಹೋಗಿ, ಅವಳ ಮನೆಯ ಹೊಸ್ತಿಲ ಹತ್ತಿರ ಇಟ್ಟು, ಬಾಗಿಲು ತಟ್ಟದೆ ವಾಪಸಾದರು. ಕಿಟಕಿಯಿಂದ ಅವಳು ನೋಡುತ್ತಿದ್ದಳು. ಒಳಗೆ ಆಗಿದ್ದ ಫಾದರ್ ಏನು ಮಾಡಿದನೆಂದು ಅವಳು ಬಾಯಿಬಿಟ್ಟು ಹೇಳಲು ಎರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಬೇರೆ ಊರಿಗೆ ಕಳಿಸಿಯಾಗಿತ್ತು. ಆ ಊರಲ್ಲೂ ಮಕ್ಕಳಿದ್ದಾರೆ. ಠಾಣೆಗೆ ಹೋಗಲು ಶಾಂತಲಾಳ ಅವ್ವ ಒಪ್ಪಲಿಲ್ಲ. ನಾವು ಏಳು ಜನ ಸೇರಿ ಬಿಷಪ್ ಕಚೇರಿಗೆ ಮೂರು ಸಲ ಅರ್ಜಿ ಬರೆದೆವು. ಅಲ್ಲಿಂದ ಬಂದದ್ದು ಒಂದೇ ಸಾಲು: ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ? ಇನ್ನಾಸಪ್ಪನವರ ಮನೆಗೆ ಹೋಗಿ ಬೇಡಿಕೊಂಡೆವು, ಕಾಲು ಹಿಡಿಯುವುದೊಂದು ಬಾಕಿ.

'ನಾನೇನೂ ಕಂಡಿಲ್ಲ ಕಣ್ರಪ್ಪ. ದೇವ್ರ ಮನೆ ಮಾತ ಬೀದಿಗ್ ತರಬ್ಯಾಡಿ, ಬುಡಿ' ಎಂದರು.

ಹೋದ ವರ್ಷದ ನವೆಂಬರ್ ಎರಡು. ಬೆಟ್ಟದಪುರದ ಬೆಟ್ಟದ ಹಿಂದೆ ಹೊತ್ತು ಇಳಿದಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಕಮಟು ವಾಸನೆ ಸಮಾಧಿಗಳ ಮೇಲೆ ಕೂತಿತ್ತು. ಗಾಳಿಯೇ ಇರಲಿಲ್ಲ, ನೂರಾರು ಮೇಣದ ಬತ್ತಿಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ. ಇನ್ನಾಸಪ್ಪ ಕಟ್ಟಿನಿಂದ ಇನ್ನೊಂದು ಚೀಟಿ ತೆಗೆದರು.

'ತೆರೇಜಾ ಶಾಂತಲಾ. ಮರಣ, ಎರಡು ಸಾವಿರದ ಇಪ್ಪತ್ತೊಂದನೇ ಇಸವಿ, ಮಾರ್ಚ್ ಏಳು.'

'ನಿತ್ಯ ವಿಶ್ರಾಂತಿ ಕೊಡು ಸ್ವಾಮಿ' ಎಂದುಬಿಟ್ಟೆವು, ಇಡೀ ಊರು, ಒಂದೇ ದನಿಯಲ್ಲಿ. ನಾನೂ ಎಂದೆ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ನಮ್ಮ ದನಿ ನಿಂತ ಮೇಲೆ, ಹಿಂದಿನಿಂದ ಒಂದೇ ಒಂದು ದನಿ ಅದೇ ಮಾತನ್ನು ನಿಧಾನವಾಗಿ ಹೇಳಿತು. ತಿರುಗಿ ನೋಡಿದೆವು. ಗೋಡೆಯ ಹತ್ತಿರ ಶಾಂತಲಾ ಬತ್ತಿ ಹಿಡಿದು ಬರಿಗಾಲಲ್ಲಿ ನಿಂತಿದ್ದಳು. ದಿನಾ ನಲ್ಲಿಯ ಹತ್ತಿರ ಕಾಣುವ ಹುಡುಗಿಯೇ. ಆದರೂ ಮುಂದಿದ್ದ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಹಿಂದೆ ಸರಿದರು.

ಹೊಸ ಫಾದರಿಗೆ ಇದೇನೂ ಗೊತ್ತಿಲ್ಲ. ತೀರ್ಥದ ಪಾತ್ರೆ ಹಿಡಿದು ಕೇಳಿದರು: 'ಸಮಾಧಿ ಯಾವುದು ಉಪದೇಶಿಗಳೇ?'

ಇನ್ನಾಸಪ್ಪ ಆ ತಾರೀಖನ್ನೇ ನೋಡುತ್ತಿದ್ದರು. ಚಪ್ಪಲಿ ಎತ್ತಿಕೊಂಡ ದಿನ ಅವರಿಗಲ್ಲದೆ ಇನ್ಯಾರಿಗೆ ನೆನಪಿರಬೇಕು? ಬತ್ತಿಯ ಮೇಣ ಕೈಮೇಲೆ ಸುರಿದರೂ ಕೊಡವಲಿಲ್ಲ. ಆಮೇಲೆ ಬೆರಳೆತ್ತಿದರು. ಬೆರಳು ಸಮಾಧಿಗಳನ್ನೆಲ್ಲ ದಾಟಿ, ಗೋಡೆ ದಾಟಿ, ಬಂಗಲೆಯ ಜಗಲಿಯ ಕಡೆ ನಿಂತಿತು.

'ಅಲ್ಲಿ ಸ್ವಾಮಿ' ಎಂದರು. 'ಕಳಿಸ್ದೋನೂ ನಾನೇ. ಈ ಮಗು ಅಳ್ತಾ ಓಡ್ಬಂದಿದ್ನ ಕಂಡೋನೂ ನಾನೇ.'

ಶಾಂತಲಾ ಹತ್ತಿರ ಬಂದಳು. 'ಇದ ಬರ್ದುಕೊಡ್ತೀರಾ ತಾತ?'

ಹತ್ತಿರದ ಸಮಾಧಿಯ ಕಲ್ಲಿನ ಮೇಲೆ ಚೀಟಿ ತಿರುವಿಟ್ಟು, ಅದರ ಬೆನ್ನಿಗೇ ಕಂಡದ್ದನ್ನೆಲ್ಲ ಬರೆದು ರುಜು ಹಾಕಿದರು. ಉಳಿದ ಚೀಟಿಗಳ ಕಟ್ಟನ್ನು ಫಾದರ್ ಕೈಗೆ ಕೊಟ್ಟರು.

'ಇದ್ಕೆ ಉತ್ರ ಬರೋಗಂಟ ನಾನು ಯಾರ ಹೆಸ್ರೂ ಓದಕಿಲ್ಲ ಕಣವ್ವ' ಎಂದರು ಶಾಂತಲಾಳಿಗೆ.

ಆ ಚೀಟಿ ಲಗತ್ತಿಸಿ ನಾಲ್ಕನೇ ಅರ್ಜಿ ಕಳಿಸಿದೆವು. ಈ ಸಲ ಶಾಂತಲಾಳ ಅವ್ವನೂ ಹೆಬ್ಬೆಟ್ಟು ಒತ್ತಿದಳು.

ಈ ಆಷಾಢದಲ್ಲಿ ಇನ್ನಾಸಪ್ಪನವರ ಹೆಂಡತಿ ಜ್ಞಾನಮ್ಮ ತೀರಿಕೊಂಡರು. ಮೊನ್ನೆ ನವೆಂಬರ್ ಎರಡರ ಸಂಜೆ ಅವರು ಹೆಂಡತಿಯ ಸಮಾಧಿಯ ಹತ್ತಿರ ನಿಂತಿದ್ದರು. ಓದಿಬಿಡಿ ಎಂದು ಫಾದರ್ ತಾವೇ ಜ್ಞಾನಮ್ಮನ ಚೀಟಿ ತಂದು ಕೊಟ್ಟರು. ಇನ್ನಾಸಪ್ಪ ಅದನ್ನು ಬಿಚ್ಚಿ ನೋಡಿದರು. ಊರೆಲ್ಲ ಕಾಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, 'ಉತ್ರ ಬಂತೇನಪ್ಪ?' ಎಂದು ಕೇಳಿದರು.

ಇಲ್ಲ ಎಂದೆ. ಚೀಟಿ ಮಡಿಸಿ ಜೇಬಿಗೆ ಇಟ್ಟುಕೊಂಡರು.